ಬಾಯಿಗೆ ಬಾರದ ಅಕ್ಷರ

"ಅಕ್ಕನ ಹೆಸರು ಹಿಡಿದು ಕೂಗ್ತಿದಾರೆ ಕಣ್ರೇ," ಎಂದಳು ತೀರಿಕೊಂಡವಳ ತಂಗಿ. "ಇಷ್ಟು ವರ್ಷ ಸಂಸಾರ ಮಾಡಿದ್ರು. ಒಂದಿನಾನಾದ್ರೂ ಭಾವನ ಬಾಯಲ್ಲಿ ಅವಳ ಹೆಸರು ಕೇಳಿದೀರಾ? ಬರೀ 'ಇಲ್ಲಿ ಕೇಳಿಸ್ತಾ', ಇಲ್ಲಾಂದ್ರೆ 'ಎಲ್ಲಿ ಹಾಳಾಗಿ ಹೋದೆ'. ಈಗ ನೋಡಿ."

ಬಾಡಿಗೆ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಡ್ರೈವಿಂಗ್ ಮಾಸ್ಟರ ಕಡೆ ತಿರುಗಿದರು. ಯಾರೋ ಮೂಗು ಒರೆಸಿಕೊಂಡರು.

ಮಾಸ್ಟರು ಹೇಳಿದ್ದು ಹಸಿವು ಅಂತ.

ನಿನ್ನೆ ಮಧ್ಯಾಹ್ನದಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೆಂಡತಿ ಮನೆಯ ಹಾಲಿನ ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಾಳೆ, ಹೊಟ್ಟೆ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ಕುಯ್ಯೋ ಮರ್ರೋ ಅನ್ನುತ್ತಿದೆ. ಹೊಟ್ಟೆಗೆ ಮಾನವಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಗಡ್ಡೆಯ ಜೊತೆಗೆ ಅವರ ನಾಲಗೆಯ ಮುಂಭಾಗವನ್ನೂ ತೆಗೆದುಬಿಟ್ಟಿದ್ದರು. ಅಗಿಯುವುದು ಅಂದಿಗೇ ಮುಗಿಯಿತು. ಮಾತು ಹೋಯಿತು ಅನ್ನುವಂತಿಲ್ಲ. ಸದ್ದು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆ ಸದ್ದಿಗೆ ಅಕ್ಷರ ಕೂಡಿಸಿ ಜಗತ್ತಿಗೆ ಹೇಳುತ್ತಿದ್ದವಳು ಒಬ್ಬಳೇ. ಅವಳನ್ನು ಕರೆದೊಯ್ಯುವ ವ್ಯಾನು ಮಧ್ಯಾಹ್ನದ ಮೇಲೆ ಬರುವುದಿತ್ತು.

"ಅಪ್ಪ ಏನೋ ಕೇಳ್ತಿದಾರೆ ಅನ್ಸುತ್ತೆ ಚಿಕ್ಕಮ್ಮ," ಎಂದಳು ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಎಂಥೆಂಥ ಡಾಕ್ಟರುಗಳ ಕೈಬರಹವನ್ನು ಓದಬಲ್ಲಳು, ಅಪ್ಪನ ಮಾತು ಮಾತ್ರ ಅವಳಿಗೆ ಹಿಡಿಯುತ್ತಿರಲಿಲ್ಲ. ಕಲಿಯುವ ಅಗತ್ಯವೇ ಬಂದಿರಲಿಲ್ಲ. ಮನೆಗೆ ಬಂದಾಗಲೆಲ್ಲ "ಅಮ್ಮ, ಅಪ್ಪ ಏನಂದ್ರು?" ಎಂದು ಕೇಳಿದರೆ ಆಯಿತು.

"ಇನ್ನೇನು ಕೇಳ್ತಾರೆ. ಅವಳನ್ನ ಕೇಳ್ತಿದಾರೆ," ಎಂದು ತಂಗಿ ಭಾವನ ಕೈಗೆ ಟೀ ಲೋಟ ಇಟ್ಟಳು. "ಒಂದು ಗುಟುಕು ಕುಡೀರಿ ಭಾವ."

ಕುಡಿದರು. ನೀರಿನಂಥದ್ದು ಏನೇ ಆದರೂ ಗಂಟಲಲ್ಲಿ ದಾರಿ ತಪ್ಪುತ್ತಿತ್ತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಸುರಿಯಿತು.

"ಅಳಲಿ, ಅಳಲಿ ಬಿಡಿ," ಎಂದರು ಯಾರೋ.

"ತೆಳ್ಳಗಿರೋದು ಕೊಡಬಾರದು ಚಿಕ್ಕಮ್ಮ. ಅಪ್ಪಂಗೆ ಒಂದಿಷ್ಟು ಸೂಪು ಮಾಡ್ಲಾ?"

"ಈಗ? ಅವಳನ್ನ ಇಲ್ಲಿ ಮಲಗಿಸ್ಕೊಂಡು ಆ ಮಷೀನು ಗರ್ರ್ ಅನ್ನಿಸ್ತೀಯಾ? ಬಂದವರು ಏನಂದ್ಕೋತಾರೆ? ಒಂದು ಹೊತ್ತು ತಡ್ಕೊಂಡ್ರೆ ಯಾರೂ ಸಾಯಲ್ಲ."

ಹೇಳಿದ ಮೇಲೆ ಆ ಮಾತಿಗೆ ಅವಳಿಗೇ ಕಸಿವಿಸಿಯಾಯಿತು. ಮಗಳು ಅಪ್ಪನ ಕೈಯಿಂದ ಟೀ ಲೋಟ ತೆಗೆದಿಟ್ಟಳು.

*

ತೀರಿಕೊಂಡ ಹೆಂಗಸು ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತು ಆಯುಷ್ಯ ಕಳೆದವಳು. ಕರಕರ ಎನ್ನುವ ಲೈನು, ಬಾಯಲ್ಲಿ ತುತ್ತು ಇಟ್ಟುಕೊಂಡೇ ರೇಗುವವರು, ಹಲ್ಲಿಲ್ಲದ ಮುದುಕರು, ಕುಡಿದು ಅಳುವವರು, ಎಲ್ಲರ ಮಾತೂ ಅವಳಿಗೆ ತಿಳಿಯುತ್ತಿತ್ತು. "ನಿಮ್ಮ ಆಫೀಸಿಗೆ ಬೆಂಕಿ ಬೀಳ" ಎಂದು ಆ ಕಡೆಯವರು ಅಂದರೆ ಈಕೆ ಪಕ್ಕದ ಇಂಜಿನಿಯರಿಗೆ, "ಸಾರ್, ಸ್ವಲ್ಪ ಬೇಗ ಬರಬೇಕಂತೆ" ಅನ್ನುತ್ತಿದ್ದಳು.

ಮಾಸ್ಟರ ನಾಲಗೆ ಹೋದಾಗ ಆ ವಿದ್ಯೆ ಮನೆಗೆ ಬಂತು. ಡ್ರೈವಿಂಗ್ ಸ್ಕೂಲಿನಲ್ಲಿ ದಿನವಿಡೀ "ಕ್ಲಚ್ಚು, ಕ್ಲಚ್ಚು ಬಿಡ್ರೀ" ಎಂದು ಅರಚಿ ಊರೆಲ್ಲ ಕ್ಲಚ್ ಮಾಸ್ಟರೆಂದೇ ಹೆಸರಾದ ಮನುಷ್ಯ. ಬಾಯಿ ಸತ್ತರೂ ಕೋಪ ಸಾಯಲಿಲ್ಲ. ಒಮ್ಮೆ ಇದೇ ನಾದಿನಿ ಬಂದು ಕೂತವಳು ಏಳುವ ಲಕ್ಷಣವೇ ಕಾಣದಿದ್ದಾಗ ಮಾಸ್ಟರು ಹೆಂಡತಿಗೆ, "ಈ ಪೀಡೆ ಯಾವಾಗ ತೊಲಗತ್ತೆ?" ಎಂದರು.

"ನಿನ್ ಭಾವ ಇನ್ನೆರಡು ದಿನ ಇದ್ದು ಹೋಗು ಅಂತಿದಾರೆ," ಎಂದಳು ಹೆಂಡತಿ ತಂಗಿಗೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ನಾದಿನಿ ಕಣ್ಣು ತುಂಬಿಕೊಂಡು ವಾರ ಇದ್ದಳು. ಅಂದಿನಿಂದ ಭಾವನಂಥ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅವಳು ಊರಿಗೆಲ್ಲ ಹೇಳುವುದು.

ಸೂಪಿನ ಮಷೀನು ತಂದುಕೊಟ್ಟವಳು ಮಗಳು. ನೋಡಲು ದೊಡ್ಡ ಫ್ಲಾಸ್ಕಿನಂತೆ ಇತ್ತು. ಹೆಚ್ಚಿದ ತರಕಾರಿ, ನೀರು, ಉಪ್ಪು ಹಾಕಿ ಮುಚ್ಚಳ ಕೂರಿಸಿ ಗುಂಡಿ ಒತ್ತಿದರೆ ಅದೇ ಬೇಯಿಸಿ, ಅದೇ ಅರೆದು, ಮುಗಿದ ಮೇಲೆ ಕೀ ಕೀ ಎಂದು ಕರೆಯುತ್ತಿತ್ತು. ಎರಡು ಗುಂಡಿಗಳಿದ್ದವು: ನುಣ್ಣಗಿನದಕ್ಕೊಂದು, ಹೋಳು ಹೋಳಾಗಿ ಉಳಿಯುವುದಕ್ಕೊಂದು. ಒಮ್ಮೆ ಕೈತಪ್ಪಿ ಹೋಳಿನದನ್ನು ಒತ್ತಿ, ಮಾಸ್ಟರ ಗಂಟಲಲ್ಲಿ ಆಲೂಗಡ್ಡೆ ಸಿಕ್ಕಿಕೊಂಡು ಜೀವ ಹೋಗಿ ಬಂದ ಮೇಲೆ ಹೆಂಡತಿ ಆ ಗುಂಡಿಯ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದಳು. ಮಷೀನಿಗೆ ಅತ್ತೆ ಎಂದು ಹೆಸರಿಟ್ಟಿದ್ದಳು.

"ನಿಮ್ಮಮ್ಮನ ಥರಾನೇ," ಎನ್ನುತ್ತಿದ್ದಳು ಗಂಡನಿಗೆ. "ಹತ್ತು ನಿಮಿಷ ಏನೂ ಮಾತಾಡಲ್ಲ, ಒಳಗೊಳಗೇ ಕುದೀತಾ ಇರುತ್ತೆ. ಆಮೇಲೆ ಇದ್ದಕ್ಕಿದ್ದಂಗೆ ಗರ್ರ್. ಕೊನೇಲಿ ನಾವೇ ಹೋಗಿ ಸಮಾಧಾನ ಮಾಡೋ ತನಕ ಕೂಗ್ತಾನೇ ಇರುತ್ತೆ."

*

ನಿನ್ನೆಯ ಸೂಪು ಇನ್ನೂ ಮಷೀನಿನೊಳಗೇ ಇತ್ತು. ಅದು ಈ ಮನೆಯಲ್ಲಿ ಮಾಸ್ಟರೊಬ್ಬರಿಗೇ ಗೊತ್ತಿತ್ತು. ಕ್ಯಾರೆಟ್ಟು, ಕುಂಬಳಕಾಯಿ, ಅವಳ ಅಳತೆಯ ಉಪ್ಪು. ತಣ್ಣಗಾಗಿದ್ದರೇನು, ಮಷೀನು ಹಾಕಬೇಕಾಗಿಲ್ಲ, ಸದ್ದಾಗುವುದಿಲ್ಲ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಂದು ಬಟ್ಟಲು ಬಗ್ಗಿಸಿಕೊಂಡು ಮೂಲೆಯಲ್ಲಿ ನಿಂತು ಕುಡಿದರಾಯಿತು.

ಎದ್ದರು. ಅಡುಗೆಮನೆಯ ಬಾಗಿಲ ತನಕ ಹೋಗುವಷ್ಟರಲ್ಲಿ ನಾದಿನಿ ತೋಳು ಹಿಡಿದಳು.

"ಬೇಡ ಭಾವ. ಅವಳು ಬಿದ್ದ ಜಾಗ ನೋಡೋ ಶಕ್ತಿ ನಿಮಗಿಲ್ಲ. ಬನ್ನಿ, ಕೂತ್ಕೊಳ್ಳಿ."

ಮಾಸ್ಟರು ಮಷೀನಿನ ಕಡೆ ಕೈ ತೋರಿಸಿದರು.

"ಗೊತ್ತು ಭಾವ, ಗೊತ್ತು. ಅಲ್ಲೇ ಬಿದ್ದಿದ್ಲು ಅಂತ ಹೇಳಿದ್ರು." ಅವರನ್ನು ಕುರ್ಚಿಗೆ ತಲುಪಿಸಿ ಅವಳು ತಾನೇ ಒಳಗೆ ಹೋದಳು. ಮುಚ್ಚಳ ತೆಗೆದ ಸದ್ದು ಕೇಳಿತು. "ಅಯ್ಯೋ, ನಿನ್ನೆದು ಹಂಗೇ ಇದೆ. ಹಳಸಿರುತ್ತೆ ಇದು."

"ಬೇಡ," ಎಂದರು ಮಾಸ್ಟರು, ಇದ್ದಬದ್ದ ಶಕ್ತಿಯೆಲ್ಲ ಹಾಕಿ.

"ಬೇಗ ಅಂತಿದಾರೆ," ಎಂದು ಪಕ್ಕದ ಕುರ್ಚಿಯವರು ವಿವರಿಸಿದರು. "ವ್ಯಾನಿನವನಿಗೆ ಇನ್ನೊಂದು ಫೋನ್ ಮಾಡಮ್ಮ. ಪಾಪ, ಇವಳನ್ನ ಈ ಸ್ಥಿತೀಲಿ ಎಷ್ಟು ಹೊತ್ತು ಅಂತ ನೋಡ್ತಾರೆ."

ಮಗಳು ಫೋನು ಹಿಡಿದು ಹೊರಗೆ ಹೋದಳು. ಒಳಗೆ ಸಿಂಕಿನಲ್ಲಿ ಸೂಪು ಗಳಕ್ ಗಳಕ್ ಎಂದು ಇಳಿಯಿತು. ಮಂದವಾಗಿತ್ತು, ಬೇಗ ಇಳಿಯಲಿಲ್ಲ. ಆಮೇಲೆ ನಲ್ಲಿ ತಿರುಗಿಸಿದ ಸದ್ದು, ಪಾತ್ರೆ ತಿಕ್ಕುವ ಸದ್ದು. ಮಾಸ್ಟರು ಕಣ್ಣು ಮುಚ್ಚಿಕೊಂಡು ಕೊನೆಯ ತನಕ ಕೇಳಿಸಿಕೊಂಡರು.

*

ಹೆಸರು ಹಿಡಿದು ಅವರು ಕರೆದದ್ದು ನಿಜವೇ, ಈವತ್ತಲ್ಲ ಅಷ್ಟೆ.

ನಾಲಗೆ ಇದ್ದಾಗ ಒಮ್ಮೆಯೂ ಕರೆದವರಲ್ಲ. ನಾಲಗೆ ಹೋದ ಮೇಲೆ ಯಾಕೋ ಕರೆಯಬೇಕೆನಿಸಿತು. ಸಂಜೆ ಅತ್ತೆ ಗರ್ರೆಂದು ಅರಚತೊಡಗಿದಾಗ, ಯಾರಿಗೂ ಕೇಳಿಸದೆಂಬ ಧೈರ್ಯದಲ್ಲಿ, ಹಾಲಿನ ಕುರ್ಚಿಯಿಂದಲೇ ಮೆಲ್ಲಗೆ ಆ ಹೆಸರನ್ನು ಅಂದರು. ಹೆಸರಿನ ನಡುವೆ ಒಂದು ಸಕಾರವಿತ್ತು. ಹಸಿವು ಎಂಬ ಮಾತಿನಲ್ಲಿ ಇರುವುದೂ ಅದೇ. ನಾಲಗೆಯ ತುದಿ ಹಲ್ಲಿನ ಹತ್ತಿರ ಹೋಗದೆ ಹುಟ್ಟದ ಅಕ್ಷರ ಅದು. ತುದಿ ಇಲ್ಲದವರ ಬಾಯಲ್ಲಿ ಹೆಸರೂ ಹಸಿವೂ ಎರಡೂ ಒಂದೇ ಆಗಿ ಬಂದವು.

ಹೆಂಡತಿ ಬಾಗಿಲಲ್ಲಿ ತಲೆ ಹಾಕಿದಳು. "ಹಸಿವಾಯ್ತಾ? ತಾಳಿ, ಅತ್ತೆ ಇನ್ನೊಂದು ಸಲ ಅರಚಿಬಿಡ್ಲಿ."

ಮಾಸ್ಟರು ಹೌದೆಂದು ತಲೆಯಾಡಿಸಿದರು. ಮಾರನೆಯ ದಿನವೂ ಕರೆದರು. ಅವಳು ಅದೇ ಮಾತು ಕೇಳಿದಳು. ಹೀಗೆ ದಿನಾ. ಜಗತ್ತಿನ ಎಲ್ಲ ಮಾತೂ ತಿಳಿಯುವವಳಿಗೆ ಇದೊಂದು ತಿಳಿಯಲಿಲ್ಲವಲ್ಲ ಎಂದು ಅವರಿಗೆ ಒಮ್ಮೊಮ್ಮೆ ನಗು, ಒಮ್ಮೊಮ್ಮೆ ಬೇಜಾರು.

ನಿನ್ನೆ ಸಂಜೆಯೂ ಕರೆದಿದ್ದರು. "ಹಸಿವಾಯ್ತಾ? ಬಂದೆ," ಎಂದಿದ್ದಳು. ಮಷೀನು ಅರೆದು ಮುಗಿಸಿ ಕೀ ಕೀ ಎಂದಿತು. ಮತ್ತೆ ಕೀ ಕೀ ಎಂದಿತು. ಅದನ್ನ ಆರಿಸಬಾರದಾ ಎಂದು ಮಾಸ್ಟರು ಕೂತಲ್ಲಿಂದಲೇ ರೇಗಿದರು. ಅದು ಕೂಗುತ್ತಲೇ ಇತ್ತು. ಎದ್ದು ಹೋಗಿ ನೋಡಿದರೆ ಆಕೆ ಕೈಯಲ್ಲಿ ಟವೆಲ್ ಹಿಡಿದು ನೆಲದ ಮೇಲೆ ಇದ್ದಳು. ಕಿಟಕಿಯಿಂದ ಬೀದಿಗೆ ಕೂಗಿಕೊಂಡರು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ತಲೆಯೆತ್ತಿ ನೋಡಿ, ಯಾರೋ ಕುಡುಕನೆಂದು ಮುಂದೆ ಹೋದ. ಕೊನೆಗೆ ಸೌಟು ಹಿಡಿದು ಎದುರುಮನೆಯ ಬಾಗಿಲು ಬಡಿದರು.

*

ಆ ಎದುರುಮನೆಯ ಟೈಲರಕ್ಕ ಈಗ ಬಂದು ಹೆಣದ ಕಾಲ ಬಳಿ ಹೂವಿಟ್ಟು, ಗೋಡೆಗೆ ಒರಗಿ ನಿಂತಳು.

"ಬೆಳಿಗ್ಗೆಯಿಂದ ಭಾವ ಅಕ್ಕನ ಹೆಸರು ಹಿಡಿದು ಕೂಗ್ತಿದಾರೆ," ಎಂದಳು ನಾದಿನಿ. "ನೋಡೋಕಾಗಲ್ಲ."

"ಕೂಗ್ತಿದ್ರಲ್ಲ ದಿನಾ," ಎಂದಳು ಟೈಲರಕ್ಕ.

"ಯಾರು, ನಮ್ಮ ಭಾವನಾ?"

"ಅವಳೇ ಹೇಳಿದ್ದು. ಲಂಗಕ್ಕೆ ಲಾಡಿ ಹಾಕಿಸ್ಕೊಳ್ಳೋಕೆ ಬಂದಿದ್ಲು, ಒಬ್ಬೊಬ್ಬಳೇ ನಗ್ತಿದ್ಲು. ಏನೇ ಅಂದ್ರೆ, 'ನಮ್ಮನೆಯವ್ರು ಮಷೀನು ಗರ್ ಅನ್ನೋವಾಗ ನನ್ನ ಹೆಸರು ಕೂಗ್ತಾರೆ ಕಣೇ, ನಂಗೆ ಕೇಳ್ಸಲ್ಲ ಅಂದ್ಕೊಂಡು. ನಾನು ಹಸಿವಾಯ್ತಾ ಅಂತೀನಿ. ಕೇಳಿಸ್ತು ಅಂದ್ರೆ ನಾಚ್ಕೊಂಡು ನಿಲ್ಸಿಬಿಡ್ತಾರೆ' ಅಂದ್ಲು. 'ಅವ್ರು ಕರೀಲಿ ಅಂತ ಒಂದೊಂದು ದಿನ ಸೂಪು ಇನ್ನೊಂದು ಸಲ ಅರೀತೀನಿ' ಅಂದ್ಲು."

ನಾದಿನಿ ಬಾಯಿಗೆ ಕೈ ಹಿಡಿದು ಅತ್ತಳು. ಮಗಳು ಇನ್ನೂ ಹೊರಗೆ ವ್ಯಾನಿನವನಿಗೆ ದಾರಿ ಹೇಳುತ್ತಿದ್ದಳು.

ಮಾಸ್ಟರು ಬಿಳಿ ಬಟ್ಟೆಯನ್ನು ನೋಡುತ್ತ ಕೂತರು. ದಿನಾ ಕರೆದದ್ದು ಅವಳಿಗೆ ಕೇಳಿಸಿತ್ತು. ಈವತ್ತು ಬೆಳಿಗ್ಗೆ ಅವಳ ತಲೆಯ ಹತ್ತಿರವೇ ಕೂತು ಕೂಗಿದ್ದು ಅದಾಗಿರಲಿಲ್ಲ. ಅದು ಬರೀ ಹಸಿವು. ಅದನ್ನು ಯಾರಿಗೆ ಹೇಳುವುದು, ಯಾವ ಬಾಯಲ್ಲಿ ಹೇಳುವುದು. ಅಷ್ಟರಲ್ಲಿ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು. ಅವರು ಕೆಮ್ಮಿ ಮುಚ್ಚಿಕೊಂಡರು.

ವ್ಯಾನಿನವನು ಅವರ ಹಳೆಯ ಶಿಷ್ಯ. ಮಾಸ್ಟರನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಂಡ. ದಿಬ್ಬ ಹತ್ತುವಾಗ ಅವನ ಎಡಗಾಲು ಕ್ಲಚ್ ಪೆಡಲ್ಲಿನ ಮೇಲೇ ಇತ್ತು. ಮಾಸ್ಟರು ತಮ್ಮ ಎಡಗಾಲಿನಿಂದ ನೆಲಕ್ಕೆ ಒಂದು ತಟ್ಟಿದರು.

"ತೆಗೆದೆ ಸಾರ್, ತೆಗೆದೆ," ಎಂದು ಅವನು ಗಾಬರಿಯಾಗಿ ಕಾಲೆತ್ತಿದ.

ಬೆಳಗಿನಿಂದ ಅವರು ಹೇಳಿದ್ದು ಯಾರಿಗಾದರೂ ಅರ್ಥವಾಗಿದ್ದರೆ ಇದೊಂದೇ.

ವಿದ್ಯುತ್ ಚಿತಾಗಾರದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಬ್ಬಿಣದ ಬಾಗಿಲು ಇಳಿಯಿತು. ಅಲ್ಲಿಯೂ ಒಬ್ಬ ಒಂದು ಗುಂಡಿ ಒತ್ತಿದ. ಒಳಗೆ ಮೊದಲು ಸದ್ದಿರಲಿಲ್ಲ, ಆಮೇಲೆ ಗರ್ರೆಂದಿತು. ಮಾಸ್ಟರು ಬಾಯಿ ತೆರೆದರು. ಸುತ್ತ ಜನ ನಿಂತಿದ್ದರು, ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಮುಚ್ಚಿಕೊಂಡರು.

ಹಿಂದಿರುಗಿದಾಗ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಆಗಿತ್ತು. ನಾದಿನಿ ಮಲಗಿದಳು. ಮಗಳು ಅಡುಗೆಮನೆಯಲ್ಲಿ ಕ್ಯಾರೆಟ್ಟು ಹೆಚ್ಚಿದಳು, ಹೋಳು ದೊಡ್ಡದಾದವು. ಮುಚ್ಚಳ ಸರಿಯಾಗಿ ಕೂರಲು ಮೂರು ಸಲ ತೆಗೆದು ಹಾಕಿದಳು. ಪಟ್ಟಿ ಅಂಟಿಸಿದ ಗುಂಡಿಯ ಮೇಲೆ ಬೆರಳಿಟ್ಟು, ಏನನ್ನೋ ನೆನೆಸಿಕೊಂಡು, ಇನ್ನೊಂದನ್ನು ಒತ್ತಿದಳು.

ಮಾಸ್ಟರು ಹಾಲಿನಲ್ಲಿ ತಮ್ಮ ಕುರ್ಚಿಯಲ್ಲೇ ಕೂತಿದ್ದರು. ಅದು ಸುಮ್ಮನೆ ಕುದಿಯುವ ಹೊತ್ತನ್ನೆಲ್ಲ ಕಾದರು. ಗರ್ರೆಂದ ಕೂಡಲೇ, ಈ ಸಲ ಮೆಲ್ಲಗಲ್ಲ, ಎದೆಯಿಂದ ಕರೆದರು. ಒಂದು ಸಲ, ಮತ್ತೊಂದು ಸಲ.

ಮಗಳು ಬಾಗಿಲಲ್ಲಿ ಬಂದು ನಿಂತಳು. ಅವಳು ಅವರ ತುಟಿಗಳನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ, ಆ ದಿನದಲ್ಲಿ ಮೊದಲ ಸಲ, ಅರಳಿತು.

"ಹಸಿವು," ಎಂದಳು. "ಹಸಿವು ಅಂತಿದೀರಾ ಅಲ್ವಾ ಅಪ್ಪ? ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ರಾ? ಅಯ್ಯೋ ದೇವರೇ. ನೋಡಿ, ಈಗ ನಂಗೆ ತಿಳೀತು. ಕಲ್ತ್ಕೋತೀನಿ ಅಪ್ಪ, ಒಂದೊಂದಾಗಿ ಎಲ್ಲಾ ಕಲ್ತ್ಕೋತೀನಿ."

ಮಾಸ್ಟರು ಅವಳ ಮುಖ ನೋಡಿದರು. ಹೌದೆಂದು ತಲೆಯಾಡಿಸಿದರು.

ಒಳಗೆ ಮಷೀನು ಕೀ ಕೀ ಎಂದಿತು.

"ಇದನ್ನ ಹೇಗಪ್ಪಾ ಆರಿಸೋದು?" ಮಗಳು ಒಳಗೆ ಓಡಿ ಆ ಗುಂಡಿ, ಈ ಗುಂಡಿ ಒತ್ತತೊಡಗಿದಳು. ಅದು ಕೂಗುತ್ತಲೇ ಇತ್ತು. ಮಾಸ್ಟರು ಎದ್ದು ಹೋಗಿ, ಅವಳನ್ನು ದಾಟಿ ಕೈ ಚಾಚಿ, ಗೋಡೆಯಿಂದ ಪ್ಲಗ್ಗನ್ನೇ ಕಿತ್ತರು. ಮನೆ ನಿಶ್ಶಬ್ದವಾಯಿತು. ಮುಚ್ಚಳದ ಮೇಲಿನ ಕೆಂಪು ದೀಪ ಒಂದು ಕ್ಷಣ ಹಾಗೇ ಉರಿದು, ಆರಿತು.