ಟ್ರಾಲಿಗೆ ಎತ್ತಿದ ಕೈ

ಟ್ರ್ಯಾಕ್ಟರಿನ ಟ್ರಾಲಿಯ ಮೂಲೆಗೆ ಮೆತ್ತಿಕೊಂಡಿದ್ದ ಕೊಳೆತ ಶುಂಠಿಯನ್ನು ಕಾಮಾಕ್ಷಮ್ಮ ಮುರುಕು ಕುಡುಗೋಲಿನಿಂದ ಕೆರೆಯುತ್ತಿದ್ದಳು. ಕೆರೆದಷ್ಟೂ ಅಡಿಯಿಂದ ಹಳದಿ ರಸ ಒಸರಿ ನಾತ ಮೂಗಿಗೆ ಹೊಡೆಯುತ್ತಿತ್ತು. ಎರಡು ಕೊಡ ನೀರು ಸುರಿದು, ಕಡ್ಡಿಪೊರಕೆಯಿಂದ ಗುಡಿಸಿ, ಅದರ ಮೇಲೆ ಗೋಣಿತಾಟು ಹಾಸಿ, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಇಟ್ಟು, ಅದರ ಕಾಲುಗಳನ್ನು ಟ್ರಾಲಿಯ ಕೊಂಡಿಗೆ ಹಗ್ಗದಿಂದ ಬಿಗಿದಳು. ಇನ್ನು ಸ್ವಲ್ಪ ಹೊತ್ತಿಗೆ ಗಂಡ ಕೆಂಪಣ್ಣ ಅಲ್ಲಿ ಕೂರಬೇಕಿತ್ತು.

ಮಂಗಳವಾರ ಮತ್ತು ಶುಕ್ರವಾರ ಕೆಂಪಣ್ಣನಿಗೆ ಮಡಿಕೇರಿಯಲ್ಲಿ ಡಯಾಲಿಸಿಸ್. ನೇರಳೆಕೊಪ್ಪಲಿನಿಂದ ಆರೂ ನಲವತ್ತಕ್ಕೆ ಹೊರಡುತ್ತಿದ್ದ ಬಸ್ಸು ಕುಶಾಲನಗರ ಮುಟ್ಟಿ, ಅಲ್ಲಿಂದ ನೇರ ಮಡಿಕೇರಿಗೆ ಹೋಗುತ್ತಿತ್ತು. ಊರಲ್ಲಿ ಹತ್ತಿ ಕೂತರೆ ಆಸ್ಪತ್ರೆ ಹತ್ತಿರವೇ ಏಳುವುದು. ಆ ಬಸ್ಸು ದೀಪಾವಳಿ ಕಳೆದ ವಾರ ನಿಂತುಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ. ಎರಡು ದಿನ ಬರಲಿಲ್ಲ, ಮೂರನೇ ದಿನಕ್ಕೆ ಜನ ಕಾಯುವುದನ್ನು ಬಿಟ್ಟರು. ಅಂದಿನಿಂದ ಸಣ್ಣಸ್ವಾಮಿಯ ಟ್ರ್ಯಾಕ್ಟರೇ ಗತಿ. ಅವನು ಕುಶಾಲನಗರ ಪಟ್ಟಣದ ತೊಳೆಯುವ ಕಣಕ್ಕೆ ಶುಂಠಿ ಸಾಗಿಸುವಾಗ ಚೀಲಗಳ ನಡುವೆ ಇವರಿಗೊಂದಿಷ್ಟು ಜಾಗ ಬಿಡುತ್ತಿದ್ದ. ಅಲ್ಲಿಂದ ಮಡಿಕೇರಿಗೆ ಬೇರೆ ಬಸ್ಸು ಹಿಡಿಯಬೇಕಿತ್ತು. ದಾರಿಯುದ್ದಕ್ಕೂ ಕೆಂಪಣ್ಣ ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದ, ಎಳೆಗೂಸನ್ನು ಹಿಡಿದುಕೊಂಡ ಹಾಗೆ. ಹಿಂದಿನ ವಾರ ವಾಪಸು ಬರುವಾಗ ಆ ನಾತಕ್ಕೆ ವಾಂತಿಯಾಗಿ ಉಟ್ಟ ಪಂಚೆಯೆಲ್ಲ ಹಾಳಾಗಿತ್ತು.

ಬಸ್ಸು ನಿಂತ ವಾರವೇ ಕಾಮಾಕ್ಷಮ್ಮ ಅದನ್ನು ಮತ್ತೆ ಬಿಡಿ ಎಂದು ಡಿಪೋದವರಿಗೆ ಒಂದು ಪತ್ರ ಬರೆದಿದ್ದಳು. ಬರೆದು, ಲಕೋಟೆಯ ಮೇಲೆ ಅಂಚೆಚೀಟಿಯನ್ನೂ ಅಂಟಿಸಿದ್ದಳು. ಕಳಿಸಬೇಡಿ ಎಂದವನು ಊರ ಮೆಂಬರು ನಂದೀಶ್. ಪಟ್ಟಣದಲ್ಲಿ ದೊಡ್ಡ ಸಭೆ ಆಗುವುದಿದೆಯಂತೆ, ಸಾರಿಗೆ ವಿಷಯಕ್ಕೇ ಕರೆದ ಸಭೆಯಂತೆ, ಒಬ್ಬರು ಬರೆದ ಕಾಗದ ಕಸದ ಬುಟ್ಟಿಗೆ ಹೋಗುತ್ತದಂತೆ, ಅಲ್ಲಿ ಊರಿಗೆ ಊರೇ ಕೇಳಿದರೆ ಬೆಲೆಯಂತೆ. ಸರಿ ಎಂದು ಅವಳು ಲಕೋಟೆಯನ್ನು ಗಂಡನ ಆಸ್ಪತ್ರೆ ಫೈಲಿನೊಳಗೆ ಸೇರಿಸಿಟ್ಟಳು. ಸಭೆ ಇಂದು ನಾಳೆ ಎನ್ನುತ್ತ ಶಿವರಾತ್ರಿ ಹತ್ತಿರ ಬಂತು. ಕೊನೆಗೂ ಅದು ನಡೆದದ್ದು ಮೊನ್ನೆ ಶನಿವಾರ.

ಸಭೆಗೆ ಕೊಪ್ಪಲಿನ ಇಪ್ಪತ್ತಮೂರು ಜನ ಹೋಗಿದ್ದರು, ಅದೂ ಇದೇ ಟ್ರಾಲಿಯಲ್ಲಿ. ಬೆಂಗಳೂರಿನಿಂದ ಬಂದಿದ್ದ ಲೋಹಿತ್ ಎಂಬ ಎಂಜಿನಿಯರು ಗೋಡೆಯ ಮೇಲೆ ಚಿತ್ರ ಬಿಡುತ್ತ ಮಾತಾಡಿದ. ಕಿಟಕಿಯ ಬೆಳಕಿಗೆ ಹಿಂದಿನ ಸಾಲಿನವರಿಗೆ ಚಿತ್ರ ಕಾಣಲಿಲ್ಲ. ಮಾತು ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿದ್ದ ನಂದೀಶ್ ತನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದ: ಒಂದು ಹಳಿ ಬಸ್ಸು, ರಸ್ತೆಯಲ್ಲಿ ಕಂಬಿ ಹೂತು ಓಡಿಸುವುದು, ಇನ್ನೊಂದು ತಂತಿ ಬಸ್ಸು, ಮೇಲಿನ ಕರೆಂಟು ತಂತಿ ಹಿಡಿದು ಓಡುವುದು.

ವೇದಿಕೆಯ ಮೇಲೆ ಜಗಳವೇ ಹತ್ತಿತು. ರಿಟೈರಾದ ಸಾಹೇಬರೊಬ್ಬರು ತಾವು ಯಾವುದೋ ದೇಶದಲ್ಲಿ ಹಳಿ ಬಸ್ಸು ಹತ್ತಿದ್ದನ್ನು ನೆನೆದು, ಲೋಟದ ನೀರು ತುಳುಕುವುದಿಲ್ಲ ಎಂದರು. ವರ್ತಕರ ಕಡೆಯವರೊಬ್ಬರು, ಹಳಿ ಹೂಳಲು ರಸ್ತೆ ಅಗೆದರೆ ಎರಡು ವರ್ಷ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ, ತಂತಿಯದೇ ವಾಸಿ, ರಬ್ಬರು ಚಕ್ರ ಏರಿನಲ್ಲಿ ಜಾರುವುದಿಲ್ಲ ಎಂದು ಮೇಜು ಗುದ್ದಿದರು. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟೇ ಇರುವುದಿಲ್ಲವಲ್ಲ, ಡೀಸೆಲ್ ಬಸ್ಸಿಗೇನು ರೋಗ ಎಂದು ಹಿಂದಿನಿಂದ ಯಾರೋ ಕೇಳಿದರು. ಹೊಗೆ, ಎಂದು ಲೋಹಿತ್ ಬೇರೊಂದು ಚಿತ್ರ ಬಿಟ್ಟ. ಕಾಫಿ ಬಂತು, ವಡೆ ಬಂತು, ಜಗಳ ಮುಂದುವರಿಯಿತು.

ಕಾಮಾಕ್ಷಮ್ಮ ಎದ್ದು ನಿಂತು ಆರೂ ನಲವತ್ತರ ಬಸ್ಸಿನ ಮಾತೆತ್ತಿದಾಗ ಲೋಹಿತ್ ನಕ್ಕು, ತಾವು ಮುಂದಿನ ಇಪ್ಪತ್ತೈದು ವರ್ಷದ ಬಗ್ಗೆ ಮಾತಾಡುತ್ತಿದ್ದೇವೆ ಎಂದ. "ನಿಮ್ಮ ಬಸ್ಸಿನ ವಿಷಯ ಕೊನೇಲಿ ತಗೋತೀವಿ, ಕೂತ್ಕೊಳ್ಳಿ ಅಜ್ಜಿ."

ಅವಳು ಕೂತು ಕೊನೆಗೆ ಕಾದಳು. ಕೊನೆಗೆ ಅವನು ಮೈಕು ಹಿಡಿದು ಒಂದೇ ಒಂದು ಮಾತನ್ನು ಸ್ಪಷ್ಟ ಕನ್ನಡದಲ್ಲಿ ಕೇಳಿದ.

"ಟ್ರಾಲಿ, ಬಸ್ ಬೇಕು ಅನ್ನೋರು ಕೈ ಎತ್ತಿ" ಎಂದು ಹಿಂದಿನ ಸಾಲಿಗೆ ಕೇಳಿಸಿತು. ಅಲ್ಲಿಯವರೆಗೆ ಹಳಿ ಬಸ್ಸು, ತಂತಿ ಬಸ್ಸು ಎಂದಷ್ಟೇ ಕೇಳಿದ್ದ ಅವರ ಕಿವಿಗೆ ಟ್ರಾಲಿ ಬಸ್ಸು ಎಂಬ ಹೆಸರೇ ಬಿದ್ದಿರಲಿಲ್ಲ. ಪಕ್ಕದ ಮನೆಯ ಸುಧಾ ಮೊಣಕೈಯಿಂದ ತಿವಿದಳು.

"ಅತ್ತೆ, ಟ್ರಾಲಿ ಬದ್ಲು ಬಸ್ಸು ಬೇಕಾ ಅಂತ ಕೇಳ್ತಾವ್ರೆ. ಎತ್ತಿ ಕೈಯ."

ಕಾಮಾಕ್ಷಮ್ಮ ಎತ್ತಿದಳು. ಇಪ್ಪತ್ತಮೂರು ಕೈಗಳೂ ಎದ್ದವು. ವೇದಿಕೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಹಾಳೆಯೊಂದು ಬಂತು. ಅವಳೇ ಮೊದಲು, ಒಂದೊಂದೇ ಅಕ್ಷರ ದುಂಡಗೆ ಬರೆದು ಸಹಿ ಹಾಕಿದಳು. ಊರಿಗೆ ಬಂದು ಸೋಮವಾರದ ಬೆಳಿಗ್ಗೆ ಬಸ್ಸಿಗೆಂದು ಆರೂವರೆಗೇ ಹೋಗಿ ನಿಂತೂ ಬಂದಿದ್ದಳು.

ಈಗ ಹಗ್ಗದ ಗಂಟು ಎಳೆದು ನೋಡುವಷ್ಟರಲ್ಲಿ ನಂದೀಶ್ ಬೈಕಿನಲ್ಲಿ ಬಂದ. ಸಭೆಯ ನಡಾವಳಿಯ ಜೆರಾಕ್ಸ್ ಕೈಯಲ್ಲಿತ್ತು.

"ಕಾಮಾಕ್ಷಕ್ಕ, ನೋಡಿ, ನಿಮ್ಮ ಹೆಸ್ರೇ ಮೊದಲ್ನೇದು. ಎಷ್ಟು ದುಂಡಗೆ ಮಾಡಿದ್ದೀರ ಸೈನ."

ಅವಳು ಕೈ ಒರೆಸಿಕೊಂಡು ಓದಿದಳು. ಮೇಲಿನಿಂದ ನಿಧಾನವಾಗಿ, ಒಂದು ಸಾಲನ್ನೂ ಬಿಡದೆ. ಹಳಿ ಆಧಾರಿತ ಟ್ರಾಮ್ ಮತ್ತು ತಂತಿ ಆಧಾರಿತ ಟ್ರಾಲಿ ಬಸ್‌ಗಳ ಪೈಕಿ ಟ್ರಾಲಿ ಬಸ್ ಯೋಜನೆಯನ್ನು ನೇರಳೆಕೊಪ್ಪಲಿನ ಗ್ರಾಮಸ್ಥರು ಸರ್ವಾನುಮತದಿಂದ ಬೆಂಬಲಿಸಿರುತ್ತಾರೆ. ಯೋಜನೆ ಜಾರಿಯಾಗುವವರೆಗೆ ಹಾಲಿ ವ್ಯವಸ್ಥೆಯನ್ನೇ ಮುಂದುವರಿಸಲು ಅವರ ಅಭ್ಯಂತರವಿರುವುದಿಲ್ಲ.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು.

"ತಂತಿ ಬಸ್ಸಿಗೇ ಟ್ರಾಲಿ ಅನ್ನಾದಾ ನಂದೀಶ?"

"ಹೂಂ ಕಣಕ್ಕ. ನಂಗೂ ಆಮೇಲೇ ಗೊತ್ತಾಗಿದ್ದು."

"ಹಾಲಿ ವ್ಯವಸ್ಥೆ ಅಂದ್ರೆ?"

"ಅದೇ, ಈಗ ಇರಾದು."

"ಈಗ ಏನೈತೆ?"

ಜಗಲಿಯಿಂದ ಗೋಡೆ ಹಿಡಿದು ಇಳಿದು ಬಂದ ಕೆಂಪಣ್ಣ, ಟ್ರಾಲಿಗೆ ಒಂದು ಕಾಲಿಟ್ಟು ದಮ್ಮು ತೆಗೆದುಕೊಳ್ಳುತ್ತ ಹೇಳಿದ. "ಇದೇ ಕಣಮ್ಮಿ. ಕುರ್ಚಿ, ಹಗ್ಗ, ನಾನು. ಸರ್ಕಾರದ ಕಾಗದ್ದಲ್ಲಿ ನನ್ನೂ ಸೇರಿಸ್ಬುಟ್ಟವ್ರೆ."

ಸಣ್ಣಸ್ವಾಮಿ ಎಂಜಿನ್ ಮೇಲೆ ಕೂತಲ್ಲೇ ಕಿಸಕ್ಕೆಂದ. ಕಾಮಾಕ್ಷಮ್ಮನಿಗೆ ನಗು ಬರಲಿಲ್ಲ. ತನ್ನ ಸಹಿಯನ್ನೇ ನೋಡುತ್ತಿದ್ದಳು. ದೀರ್ಘ, ಒತ್ತು ಒಂದೂ ತಪ್ಪದೆ ಬರೆದದ್ದು. ಬೇರೆ ಯಾರದೋ ಎಂಜಲು ತಟ್ಟೆಯಲ್ಲಿ ತಾನು ಉಂಡೆದ್ದ ಹಾಗೆ ಅನಿಸಿತು. ಅಲ್ಲಿ ವಡೆ ಬೇರೆ ತಿಂದಿದ್ದಳು, ಎರಡು.

ನಂದೀಶ್ ದನಿ ತಗ್ಗಿಸಿ ಬುದ್ಧಿ ಹೇಳಿದ. ಇಲ್ಲಿ ಟ್ರಾಲಿ ಬಸ್ಸು ಬೇಕೆಂದು ಸಹಿ, ಅಲ್ಲಿ ಹಳೇ ಬಸ್ಸೇ ಬೇಕೆಂದು ಅರ್ಜಿ, ಎರಡೂ ಒಬ್ಬರದೇ ಆದರೆ ಕೊಪ್ಪಲಿನವರಿಗೆ ತಲೆ ನೆಟ್ಟಗಿಲ್ಲ ಎನ್ನುತ್ತಾರಂತೆ. ಆ ಕಾಗದವನ್ನು ಈಗಂತೂ ಕಳಿಸಲೇಬಾರದಂತೆ.

ಸತ್ತ ಇಲಿಯ ಬಾಲ ಹಿಡಿದಂತೆ ಜೆರಾಕ್ಸ್ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಅವನಿಗೆ ವಾಪಸು ಕೊಟ್ಟು, ಅವಳು ಟ್ರಾಲಿ ಹತ್ತಿದಳು.

ಪಟ್ಟಣದ ಅಂಚೆ ಕಚೇರಿಯ ಮುಂದೆ ಕಾಮಾಕ್ಷಮ್ಮ ಟ್ರಾಲಿಯ ತಗಡನ್ನು ಕುಡುಗೋಲಿನ ಹಿಡಿಯಿಂದ ಬಡಿದಳು. ಟ್ರ್ಯಾಕ್ಟರು ನಿಂತಿತು. ಮಡಿಕೇರಿ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಫೈಲಿನಿಂದ ಪತ್ರವನ್ನು ಹೊರತೆಗೆದು, ಸಣ್ಣಸ್ವಾಮಿಯ ಪೆನ್ನು ಇಸಿದುಕೊಂಡು, ಗಂಡನ ತೊಡೆಯ ಮೇಲೆ ಫೈಲಿಟ್ಟು, ತನ್ನ ಹೆಸರಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದಳು:

*ಶನಿವಾರದ ಸಭೆಯಲ್ಲಿ ನಾನು ಕೈ ಎತ್ತಿದ್ದು ಈ ಬಸ್ಸಿಗೆ. ನಾವು ಶುಂಠಿ ಟ್ರಾಲಿಯಲ್ಲಿ ಹೋಗುತ್ತಿದ್ದೇವೆ. ಇದಕ್ಕೆ ನನ್ನ ಅಭ್ಯಂತರವಿದೆ.*

"ಅಭ್ಯಂತರ ಅಂತ ಅವರ ಮಾತ್ನೇ ಬರುದ್ಯಲ್ಲ" ಎಂದ ಕೆಂಪಣ್ಣ.

"ಅವ್ರಿಗೆ ಅರ್ಥ ಆಗ್ಲಿ ಅಂತ."

ಬೆವರಿಗೆ, ಧೂಳಿಗೆ ಸಿಕ್ಕಿ ಲಕೋಟೆಯ ಅಂಟು ಸತ್ತಿತ್ತು. ಸೂಜಿ ತೆಗೆದ ಮೇಲೆ ಅಂಟಿಸಲೆಂದು ಫೈಲಿನಲ್ಲಿ ಸದಾ ಇರುತ್ತಿದ್ದ ಬಿಳಿ ಪ್ಲಾಸ್ಟರಿನ ಸುರುಳಿಯಿಂದ ಕೆಂಪಣ್ಣ ಹಲ್ಲಲ್ಲಿ ಮೂರು ತುಂಡು ಹರಿದು ಕೊಟ್ಟ. ಅವಳು ಲಕೋಟೆಯ ಬಾಯಿ ಮುಚ್ಚಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಪ್ಲಾಸ್ಟರಿನ ಮೇಲೆ ಶುಂಠಿಯ ಹಳದಿ ಗುರುತು ಮೂಡಿತು. ಒರೆಸಲು ಹೋಗಿ, ಬಿಟ್ಟಳು.

ಕೆಂಪು ಡಬ್ಬಿಯ ಬಾಯೊಳಗೆ ಲಕೋಟೆ ಹಾಕಿದಾಗ ಬಿದ್ದ ಸದ್ದು ಕೇಳಲಿಲ್ಲ. ಎಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತೋ ಎಂದು ಬೆರಳು ತೂರಿಸಿ ತಡವಿದಳು. ಒಳಗೆ ತಣ್ಣನೆಯ ತಗಡು, ಬೇರೇನೂ ಸಿಗಲಿಲ್ಲ. ಹಿಂದೆ ಟ್ರಾಲಿಯ ಮೇಲೆ, ಶುಂಠಿ ಚೀಲಗಳ ನಡುವೆ, ಕೆಂಪಣ್ಣ ಎಡಗೈಯನ್ನು ಎದೆಗೆ ಅವುಚಿಕೊಂಡು, ಬಸ್ಸಿಗೆ ಇಳಿಯಲೆಂದು ಬಲಗೈಯಿಂದ ಕುರ್ಚಿಯ ಹಗ್ಗ ಬಿಚ್ಚುತ್ತಿದ್ದ.