ಭಾವ ಕದಲದ ಹತ್ತು ನಿಮಿಷ

ನಮ್ಮ ಇಸ್ತ್ರಿ ಅಂಗಡಿಯ ಬೀಗದ ಕೈ ನನಗೋ ನನ್ನ ಗಂಡನ ಅಣ್ಣನಿಗೋ ಎಂಬುದನ್ನು ಒಂದು ಫೋಟೋ ನೋಡಿ ತೀರ್ಮಾನಿಸುತ್ತೇನೆಂದು ಅತ್ತೆ ಹೇಳಿದಾಗ ನನ್ನ ಮೈ ಉರಿಯಿತು. ಅವರು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದರು. ದುಡಿಯುವವರು ಯಾರೆಂದು ಕಣ್ಣಾರೆ ಕಾಣಬೇಕಂತೆ. ಹನ್ನೊಂದು ವರ್ಷದಿಂದ ಇಸ್ತ್ರಿಪೆಟ್ಟಿಗೆ ತಳ್ಳಿ ತಳ್ಳಿ ನನ್ನ ರಟ್ಟೆ ಬಿದ್ದುಹೋಗಿದೆ. ಭಾವನೋ, ಕೂಳಿಗೆ ದಂಡ, ಭೂಮಿಗೆ ಭಾರ. ಕುರ್ಚಿ ಬಿಟ್ಟು ಏಳುವವರಲ್ಲ.

ಫೋಟೋ ತೆಗೆಯುವವರು ನನ್ನ ಗಂಡ. ಅವರ ಹುಚ್ಚೇ ಬೇರೆ. ಕ್ಯಾಮೆರಾಗೆ ಕಪ್ಪು ಗಾಜು ಸಿಕ್ಕಿಸಿ, ಸ್ಟ್ಯಾಂಡಿನ ಮೇಲಿಟ್ಟು, ಒಂದೇ ಚಿತ್ರಕ್ಕೆ ಹತ್ತು ನಿಮಿಷ ಶಟರ್ ತೆರೆದಿಡುತ್ತಾರೆ.

"ಅಲುಗಾಡಿದವರು ಚಿತ್ರದಲ್ಲಿ ಬರಲ್ಲ, ಮೊದಲೇ ಹೇಳಿದ್ದೀನಿ," ಎಂದರು.

ಭಾವನಿಗೆ ಅಷ್ಟೇ ಸಾಕಾಯಿತು. ತಮ್ಮ ಹೊಸ ಕೋಟನ್ನು ಮೇಜಿನ ಮೇಲೆ ಹಾಸಿ, ನಾನು ಆಗಷ್ಟೇ ಇಟ್ಟಿದ್ದ ಬಿಸಿ ಪೆಟ್ಟಿಗೆಯನ್ನು ಅದರ ಮೇಲೆ ಒತ್ತಿ ಹಿಡಿದು ಕಲ್ಲಾಗಿ ನಿಂತರು. ನಾನೂ ನಿಲ್ಲಬಹುದಿತ್ತು. ಆದರೆ ಗಿರಾಕಿಗಳು ತಲೆ ಮೇಲೆ ಕೂತಿದ್ದರು. ಇನ್ನೊಂದು ಪೆಟ್ಟಿಗೆ ಹಿಡಿದು ಎದ್ದೋ ಬಿದ್ದೋ ಎಂದು ಕೆಲಸ ಮಾಡಿದೆ.

ಮೂರನೇ ನಿಮಿಷಕ್ಕೆ ಭಾವ ತುಟಿ ಅಲುಗಿಸದೆ ಗೊಣಗಿದರು: "ಲೋ... ಹೊಗೆ ಬರ್ತಿದೆ ಕಣೋ."

"ಹೊಗೆ ಚಿತ್ರದಲ್ಲಿ ಬರಲ್ಲ ಬಿಡಣ್ಣ," ಎಂದರು ಇವರು.

ನಾನೇ ಓಡಿ ಪ್ಲಗ್ ಕಿತ್ತೆ.

ಶಟರ್ ಮುಚ್ಚಿದ ಮೇಲೆ ಚಿತ್ರದಲ್ಲಿ ಮೂಡಿದ ಚುಕ್ಕೆಗಳನ್ನು ಅಳಿಸಿ ಶುದ್ಧ ಮಾಡಲು ಕ್ಯಾಮೆರಾಗೆ ಇನ್ನೂ ಹತ್ತು ನಿಮಿಷ ಬೇಕು. ಆ ಹೊತ್ತೂ ಭಾವ ಹಾಗೇ ನಿಂತಿದ್ದರು. ಸಾಕು ಎಂದು ಯಾರೂ ಹೇಳಲಿಲ್ಲ. ನಾನಂತೂ ಹೇಳಲಿಲ್ಲ.

ಚಿತ್ರ ಬಂತು. ಗಿರಾಕಿಗಳಿಲ್ಲ, ನಾನಿಲ್ಲ, ನನ್ನ ನೆರಳೂ ಇಲ್ಲ. ಭಾವ ಮಾತ್ರ ಮೀಸೆಯ ಒಂದೊಂದು ಕೂದಲ ಸಮೇತ ಮೂಡಿದ್ದರು. ಹನ್ನೊಂದು ವರ್ಷ ನೀರಲ್ಲಿ ಹೋಮವಾಯಿತಲ್ಲ ಎಂದು ಅಳುವೇ ಬಂತು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ಹತ್ತು ನಿಮಿಷ ಪೆಟ್ಟಿಗೇನ ಒಂದೇ ಕಡೆ ಇಟ್ಕೊಂಡಿದ್ಯೇನೋ?"

"ಹೂಂ ಅಮ್ಮಾ. ಒಂಚೂರೂ ಕದಲಲಿಲ್ಲ!" ಭಾವ ಎದೆಯುಬ್ಬಿಸಿದರು.

"ಕೋಟು ಎಲ್ಲಿ?"

ಭಾವ ಬೆನ್ನ ಹಿಂದಿನಿಂದ ಕೋಟು ತೆಗೆದು ತೋರಿಸಿದರು, ನಡುವೆ ಪೆಟ್ಟಿಗೆಯ ಆಕಾರದ ಕರಕಲು ತೂತು.

ಅತ್ತೆ ದಿಂಬಿನಡಿಯಿಂದ ಬೀಗದ ಕೈ ತೆಗೆದು ನನ್ನ ಅಂಗೈಗೆ ಹಾಕಿದರು. "ತಗೋಳೇ. ಕೈಯಾಡಿಸ್ತಾ ಇಸ್ತ್ರಿ ಮಾಡೋಳು ಇಂಥ ಫೋಟೋದಲ್ಲಿ ಎಲ್ಲಿಂದ ಸಿಕ್ತಾಳೆ?"

"ಹಾಗಾದ್ರೆ ನಾಳೆಯಿಂದ ನಾನು ಅಂಗಡಿಗೆ ಬರ್ಲೋ, ಬೇಡ್ವೋ?" ಎಂದರು ಭಾವ.

"ಬೇಡಪ್ಪಾ. ಈ ಫೋಟೋನ ಕುರ್ಚಿ ಮೇಲೆ ಇಡ್ತೀವಿ. ನೀನು ಮಾಡ್ತಿದ್ದ ಕೆಲಸ ಅದೇ ಮಾಡುತ್ತೆ."