ಮೂರನೇ ಚೌಕ

ಸತ್ತವಳಿಗೆ ಸ್ನಾನ ಮಾಡಿಸಲು ಕೂತು, ತೋಳಿನ ಗುಂಡಿ ಬಿಚ್ಚಲಾಗದೆ, ಅವಳ ತಮ್ಮನ ಹೆಂಡತಿ ಕತ್ತರಿ ತರಲು ಎದ್ದಳು.

"ಕತ್ತರಿಸ್ಬೇಡಿ, ನಾನು ಬಿಚ್ತೀನಿ," ಎಂದಳು ಕಂಪನಿಯ ಪ್ಯಾಕಿಂಗ್ ವಿಭಾಗದ ಗೆಳತಿ. ಸತ್ತವಳ ಜೊತೆ ಇಪ್ಪತ್ತೆರಡು ವರ್ಷ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದವಳು. ಆ ಗುಂಡಿ ಎಡಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆಂದು ಅವಳಿಗೆ ಗೊತ್ತಿತ್ತು.

ತೋಳು ಮೇಲೇರಿತು. ಎಡಗೈಯ ಒಳಭಾಗದಲ್ಲಿ, ಮಣಿಕಟ್ಟಿನಿಂದ ಮೊಳಕೈವರೆಗೆ, ನೀಲಿ ಪೆನ್ನಿನಲ್ಲಿ ಬರೆದ ನಾಲ್ಕು ಚೌಕಗಳು. ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿ ಬೇರೆ.

"ಇದೇನ್ರೀ ಇದು? ಈ ವಯಸ್ಸಲ್ಲಿ ಅತ್ತಿಗೆ ಕೈ ಮೇಲೆ ಕುಂಟಾಬಿಲ್ಲೆ ಆಡ್ತಿದ್ರಾ?" ಎಂದು ತಮ್ಮನ ಹೆಂಡತಿ ನಕ್ಕಳು. ನಕ್ಕದ್ದಕ್ಕೆ ತಾನೇ ನಾಚಿ, "ಒರೆಸಿಬಿಡೋಣ, ಸ್ಪಿರಿಟ್ ಇದೆ," ಎಂದಳು.

"ಬೇಡ," ಎಂದಳು ಗೆಳತಿ.

ಒಂದು, ಎರಡು, ನಾಲ್ಕನೇ ಚೌಕಗಳಲ್ಲಿ ಬರೀ ಚರ್ಮವಿತ್ತು. ಮೂರನೆಯದರಲ್ಲಿ ಮಾತ್ರ ಸಣ್ಣ ಗುಳ್ಳೆಗಳು ಎದ್ದು, ಒಡೆದು, ಹಕ್ಕಳೆ ಕಟ್ಟಿತ್ತು. ಗೆಳತಿ ಫೋನು ತೆಗೆದಳು.

"ಅಯ್ಯೋ, ಫೋಟೋನಾ? ಹೆಣದ್ದಾ?"

ಗೆಳತಿ ಫೋನು ಒಳಗಿಟ್ಟಳು.

*

ಸತ್ತವಳು ಕೆಲಸಕ್ಕೆ ಸೇರಿದಾಗ ಕಂಪನಿ ಎರಡು ಕೋಣೆಯದು. ಒಂದರಲ್ಲಿ ಯಜಮಾನರು ಸಾಬೂನು ಕಾಯಿಸುತ್ತಿದ್ದರು, ಇನ್ನೊಂದರಲ್ಲಿ ಇವಳು ಚೀಟಿ ಅಂಟಿಸುತ್ತಿದ್ದಳು. 'ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ' ಎಂದಿತ್ತು ಚೀಟಿಯಲ್ಲಿ.

"ಹಾಗಾದ್ರೆ ಯಾರ ಮೇಲೆ ಪರೀಕ್ಷೆ ಮಾಡಿದ್ದು ಸರ್?" ಎಂದು ಒಂದು ದಿನ ಕೇಳಿದಳು.

ಯಜಮಾನರು ಚೀಟಿಯನ್ನು ತಿರುಗಿಸಿ ನೋಡಿದರು. ಅವಳೇ ತೋಳು ಮಡಿಸಿದಳು. "ನಂದು ಸೂಕ್ಷ್ಮ ಚರ್ಮ. ಸರಿ ಇಲ್ದೇ ಇರೋದು ಏನೇ ಹಚ್ಚಿದ್ರೂ ಮೂರು ದಿನದೊಳಗೆ ಚಾಡಿ ಹೇಳುತ್ತೆ."

ಅಂದಿನಿಂದ ಅವಳ ಕೈ ಒಪ್ಪದ ಯಾವುದೂ ಡಬ್ಬಿಗೆ ಇಳಿಯಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕೈಯಕ್ಕ ಆದಳು. ದಿನವೂ ಸಂಜೆ ಯಜಮಾನರು ಅವಳ ಮಣಿಕಟ್ಟು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, "ಉರೀತಿದೆಯಾ?" ಎಂದು ಕೇಳುತ್ತಿದ್ದರು.

ಎರಡು ಕೋಣೆ ಶೆಡ್ಡಾಯಿತು, ಶೆಡ್ಡು ಆರು ಮಹಡಿಯಾಯಿತು. ಬಿದಿರಿನ ಬ್ರಷ್ಷು, ಬಟ್ಟೆಯ ಚೀಲ, ನಿದ್ದೆಗೊಂದು ಎಣ್ಣೆ, ನೆಮ್ಮದಿಗೊಂದು ಮೇಣದಬತ್ತಿ. ಐದನೇ ಮಹಡಿಯಲ್ಲಿ ಲ್ಯಾಬು ತೆರೆದ ದಿನ ಅವಳಿಗೆ ಹೂಗುಚ್ಛ ಕೊಟ್ಟರು. "ಇನ್ನು ನಮ್ಮ ಕೈಯಕ್ಕನ ಕೈಗೆ ವಿಶ್ರಾಂತಿ," ಎಂದರು ಯಜಮಾನರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲಮಹಡಿಯಲ್ಲಿ, ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಮೇಜು ಸಿಕ್ಕಿತು.

ಒಂಬತ್ತು ವರ್ಷ. ಉರೀತಿದೆಯಾ ಎಂದು ಯಾರೂ ಕೇಳಲಿಲ್ಲ.

*

ಸತ್ತವಳ ಮಂಚದ ಪಕ್ಕದ ಸ್ಟೂಲಿನ ಮೇಲೆ, ಅಂಕಿ ಅಂಟಿಸಿದ, ಕಂಪನಿಯ ಹೊಸ ಮಾಲಿನ ನಾಲ್ಕು ಪುಟ್ಟ ಡಬ್ಬಿಗಳಿದ್ದವು. ಮೂರನೆಯದು ಸೋಮವಾರ ಅಂಗಡಿಗೆ ಹೋಗಲಿದ್ದ ಹಸುಗೂಸುಗಳ ಕ್ರೀಮು. ಅದರ ಪೆಟ್ಟಿಗೆಗಳನ್ನು ಗೆಳತಿಯೇ ಮೊನ್ನೆ ಕಟ್ಟಿಸಿದ್ದಳು. ಆ ತೋಳಿನ ಕಡೆ ಮತ್ತೊಮ್ಮೆ ನೋಡಿದಳು. ಬೆವರುಗುಳ್ಳೆಯೂ ಇರಬಹುದು. ಕೆರೆದುಕೊಂಡದ್ದೂ ಇರಬಹುದು. ಹೇಳಿ ಸುಳ್ಳಾದರೆ? ಹೇಳದೆ ನಿಜವಾದರೆ?

ಹೊರಗೆ ಕಾರು ನಿಂತಿತು. ಯಜಮಾನರು ದೊಡ್ಡ ಹೂಚಕ್ರ ಇಟ್ಟು, ಕಣ್ಣೊರೆಸಿಕೊಂಡರು. ಗೆಳತಿ ಅವರನ್ನು ಅಡುಗೆಮನೆಗೆ ಕರೆದಳು.

"ಸರ್, ಆ ಮಕ್ಕಳ ಕ್ರೀಮು ಹಚ್ಚಿದ ಕಡೆ ಅಕ್ಕನ ಕೈಲಿ ಗುಳ್ಳೆ ಎದ್ದಿದೆ."

"ಇನ್ನೂ ಹಚ್ಕೊಳ್ತಿದ್ರಾ? ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸರ್."

ಅವರು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿದರು. "ಲ್ಯಾಬಿನವರು ಇನ್ನೂರು ಜನರ ಮೇಲೆ ನೋಡಿದಾರಮ್ಮ. ಒಂದು ಗುಳ್ಳೆ ಇಲ್ಲ. ಇದು ವಯಸ್ಸಾದ ಚರ್ಮ."

"ಒಂದ್ಸಲ ನೋಡಿ ಸರ್. ತೋಳು ಏರಿಸಿದ್ರೆ ಸಾಕು."

"ಇಷ್ಟು ಜನರ ಮುಂದೆ ಹೆಣದ ತೋಳು ಏರಿಸ್ಲಾ?" ಅವರ ದನಿ ಒಡೆದಿತ್ತು, ಸಿಟ್ಟಿಗೋ ದುಃಖಕ್ಕೋ ತಿಳಿಯಲಿಲ್ಲ. "ಇನ್ನೊಬ್ಬರ ಕೈಯಲ್ಲಿ ಎದ್ರೆ ಬಂದು ಹೇಳು, ಆಗ ನಿಲ್ಲಿಸ್ತೀನಿ. ಸತ್ತವರನ್ನ ಏನಂತ ಕೇಳೋದು?"

ಮೂರು ಗಂಟೆಗೆ ವ್ಯಾನು ಬಂತು. ಚಿತಾಗಾರದಲ್ಲಿ ಎಲ್ಲ ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ.

ಗೆಳತಿ ಮತ್ತೆ ಅದೇ ಕೋಣೆಗೆ ಬಂದಳು. ತಮ್ಮನ ಹೆಂಡತಿ ಬಾಡಿಗೆ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದಳು.

"ನೀವಿನ್ನೂ ಹೊರಟಿಲ್ವಾ? ಏನಾದ್ರೂ ಬಿಟ್ಟುಹೋಗಿದ್ರಾ?"

"ಒಂದು ಪೆನ್ನು ಕೊಡ್ತೀರಾ? ಇವತ್ತು ಗುರುವಾರ ತಾನೇ?"

"ಹೌದು. ಯಾಕೆ?"

"ಶುಕ್ರ, ಶನಿ, ಭಾನು," ಎಂದು ಗೆಳತಿ ಬೆರಳು ಮಡಿಸಿದಳು.

ಹಾಸಿಗೆ ತೆಗೆದ ಮಂಚದ ಅಂಚಿನಲ್ಲಿ ಕೂತು, ತೋಳು ಮಡಿಸಿ, ತನ್ನ ಕೈಯ ಮೇಲೆ ಒಂದೇ ಒಂದು ಚೌಕ ಬರೆದಳು. ಒಂದು ಗೆರೆ ಸೊಟ್ಟಗಾಯಿತು. ಮೂರನೇ ಡಬ್ಬಿಯ ಮುಚ್ಚಳ ತಿರುಗಿಸಿದಳು. ನಯವಾದ ಬಿಳಿ ಕ್ರೀಮಿನ ನಡುವೆ, ಕೈಯಕ್ಕನ ಬೆರಳಿನ ತುದಿ ಒತ್ತಿ ತೆಗೆದ ಒಂದು ಗುಳಿ ಇತ್ತು. ಉಗುರಿನ ಗೆರೆ ಕೂಡ ಮೂಡಿತ್ತು.

ಆ ಗುಳಿ ಕೆಡದ ಹಾಗೆ, ಅಂಚಿನಿಂದ ಚೂರೇ ಚೂರು ತೆಗೆದುಕೊಂಡಳು.